ಚರಂಡಿ ಚಪ್ಪಡಿ ಕುಸಿದು ಬಿದ್ದರೆ ಪರಿಹಾರ ಕೇಳುವುದು ಹೇಗೆ? ಸರ್ಕಾರಿ ಆಸ್ತಿಯಿಂದ ಗಾಯವಾದವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಚಿಕ್ಕಮ್ಮ ಟೈಲರ್. ಮಳೆ ನಿಂತ ಒಂದು ಸಂಜೆ ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದರು. ಚರಂಡಿ ಮೇಲಿನ ಚಪ್ಪಡಿ ಮೇಲೆ ಕಾಲಿಟ್ಟ ತಕ್ಷಣ ಅದು ಎರಡು ತುಂಡಾಗಿ ಒಳಗೆ ವಾಲಿತು. ಬಲಗೈ ಊರಿ ಬಿದ್ದರು. ಮಣಿಕಟ್ಟು ಎರಡು ಕಡೆ ಮುರಿಯಿತು.

ಮರುದಿನ ನಾನು ಮೂರು ಕಚೇರಿ ಸುತ್ತಿದೆ. ಮೊದಲನೆಯವರು, ಚರಂಡಿ ನಮ್ಮದು, ಆದರೆ ಮೇಲಿನ ಫುಟ್‌ಪಾತ್ ನಮ್ಮದಲ್ಲ ಅಂದರು. ಎರಡನೆಯವರು, ರಸ್ತೆ ನಮ್ಮದು, ರಸ್ತೆಯ ಅಂಚು ನಮ್ಮದಲ್ಲ ಅಂದರು. ಮೂರನೆಯವರು ಕೂರಿಸಿ ಟೀ ಕೊಟ್ಟರು, ಉತ್ತರ ಕೊಡಲಿಲ್ಲ. ವಾಪಸ್ ಅದೇ ಜಾಗಕ್ಕೆ ಹೋದರೆ ಹೊಸ ಚಪ್ಪಡಿ ಬಂದು ಕೂತಿದೆ! ಸುತ್ತ ಮೆತ್ತಿದ ಸಿಮೆಂಟ್ ಇನ್ನೂ ಹಸಿ. ಹಳೇ ಚಪ್ಪಡಿಯ ತುಂಡುಗಳು ಪಕ್ಕದ ಕಾಂಪೌಂಡಿಗೆ ಒರಗಿದ್ದವು. ಚಿಕ್ಕಮ್ಮನ ಬ್ಯಾಗಿನಲ್ಲಿದ್ದ ಹೊಲಿಗೆ ಟೇಪನ್ನೇ ಹಿಡಿದು ಅದರ ದಪ್ಪ ಅಳೆದೆ. ಎರಡು ಇಂಚು ಇರಲಿಲ್ಲ. ಟೇಪ್ ಕಾಣುವ ಹಾಗೆ ಫೋಟೋ, ಹಸಿ ಸಿಮೆಂಟಿನದ್ದೊಂದು ಫೋಟೋ. ಇವತ್ತು ಕೋರ್ಟಿನಲ್ಲಿ ನಮ್ಮ ಕೈಲಿರುವ ಗಟ್ಟಿ ಸಾಕ್ಷ್ಯ ಅಂದರೆ ಅವೆರಡೇ.

ನಾನು ವಕೀಲನಲ್ಲ. ಆ ಕೇಸಿನ ಹಿಂದೆ ಓಡಾಡಿ ಕಲಿತದ್ದನ್ನು, ಓದಿ ತಿಳಿದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಾನು ಕಂಡ ಹಾಗೆ ಇಂಥ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಆಸ್ತಿ ಯಾರದು ಅನ್ನೋದು ಗೊತ್ತಾಗದೆ, ಅಥವಾ ಗೊತ್ತಾಗುವಷ್ಟರಲ್ಲಿ ಗಡುವು ಮುಗಿದು.

ಸರ್ಕಾರದ ಮೇಲೆ ಕೇಸ್ ಹಾಕಬಹುದಾ?

ಹಾಕಬಹುದು. ಸಂವಿಧಾನದ 300ನೇ ವಿಧಿಯಲ್ಲೇ ಅದಕ್ಕೆ ದಾರಿ ಇದೆ. ಆದರೂ "ಸರ್ಕಾರದ ಸಾರ್ವಭೌಮ ಕೆಲಸಕ್ಕೆ ಪರಿಹಾರ ಕೇಳುವ ಹಾಗಿಲ್ಲ" ಅನ್ನುವ ವಾದ ಈಗಲೂ ಸರ್ಕಾರಿ ವಕೀಲರ ಫೈಲಿನಿಂದ ಹೊರಗೆ ಬರುತ್ತದೆ. ಇದರ ಬೇರು ಈಸ್ಟ್ ಇಂಡಿಯಾ ಕಂಪನಿ ಕಾಲದ್ದು. 1861ರಲ್ಲಿ ಕಲ್ಕತ್ತಾದ ಹಡಗುಕಟ್ಟೆಯ ಬಳಿ ಕೆಲಸಗಾರರು ಹೊತ್ತು ತಂದ ಕಬ್ಬಿಣದಿಂದ ಒಂದು ಕುದುರೆಗೆ ಗಾಯವಾದ ಕೇಸಿನಲ್ಲಿ, ವ್ಯಾಪಾರದಂಥ ಕೆಲಸಕ್ಕೆ ಸರ್ಕಾರ ಹೊಣೆ, ರಾಜ್ಯಾಧಿಕಾರದ ಕೆಲಸಕ್ಕೆ ಅಲ್ಲ ಅನ್ನುವ ಗೆರೆ ಬಿತ್ತು.

1962ರಲ್ಲಿ ವಿದ್ಯಾವತಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಜನರ ಕಡೆ ನಿಂತಿತು. ಉದಯಪುರದ ಕಲೆಕ್ಟರ್ ಅವರ ಜೀಪು ರಿಪೇರಿ ಮುಗಿಸಿ ಬರುವಾಗ ಒಬ್ಬರಿಗೆ ಗುದ್ದಿ ಅವರು ಸತ್ತಿದ್ದರು. ರಾಜಸ್ಥಾನ ಸರ್ಕಾರವೇ ಪರಿಹಾರ ಕೊಡಬೇಕಾಯಿತು. ಮೂರೇ ವರ್ಷದಲ್ಲಿ, 1965ರ ಕಸ್ತೂರಿಲಾಲ್ ಕೇಸಿನಲ್ಲಿ, ಗಾಳಿ ತಿರುಗಿತು. ಮೀರತ್‌ನಲ್ಲಿ ಪೊಲೀಸರು ಜಪ್ತಿ ಮಾಡಿದ ಚಿನ್ನವನ್ನು ಹೆಡ್ ಕಾನ್‌ಸ್ಟೇಬಲ್ ಒಬ್ಬ ಪಾಕಿಸ್ತಾನಕ್ಕೆ ಹೊತ್ತೊಯ್ದಿದ್ದ. ಜಪ್ತಿ ಸಾರ್ವಭೌಮ ಅಧಿಕಾರ, ಹಾಗಾಗಿ ಪರಿಹಾರ ಇಲ್ಲ ಅಂತ ತೀರ್ಪು ಬಂತು. 1994ರ ನಾಗೇಂದ್ರ ರಾವ್ ಕೇಸು ಆ ರಕ್ಷಣೆಯನ್ನು ಬಹಳ ಕಿರಿದು ಮಾಡಿತು. ಇಂದಿಗೆ ರಸ್ತೆ, ಚರಂಡಿ, ಕರೆಂಟ್ ಕಂಬ, ಪಾರ್ಕು, ಕಟ್ಟಡ ನೋಡಿಕೊಳ್ಳುವುದನ್ನು ಸಾರ್ವಭೌಮ ಕೆಲಸ ಅಂತ ವಾದಿಸಿ ಗೆಲ್ಲುವುದು ಕಷ್ಟ.

ಆಸ್ತಿಯ ವಿಷಯಕ್ಕೆ ಬಂದರೆ ನಿಮಗೆ ತುಂಬಾ ಉಪಯೋಗಕ್ಕೆ ಬರುವ ತೀರ್ಪು 1966ರ ಸುಭಾಗ್ವಂತಿ ಕೇಸಿನದು. ದೆಹಲಿ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತಿದ್ದರು. ಗೋಪುರಕ್ಕೆ 80 ವರ್ಷ ಆಗಿತ್ತು. ಒಳಗಿನ ದೋಷ ನಮಗೆ ಗೊತ್ತಿರಲಿಲ್ಲ ಅಂದಿತು ಪಾಲಿಕೆ. ರಸ್ತೆ ಬದಿಯ ಕಟ್ಟಡದ ಮಾಲೀಕರು ಅದನ್ನು ಆಗಾಗ ಪರೀಕ್ಷೆ ಮಾಡಿಸಲೇಬೇಕು, ಕಾಣದ ದೋಷ ಅನ್ನೋದು ನೆಪವಾಗುವುದಿಲ್ಲ ಅಂದಿತು ಕೋರ್ಟ್. ಗೋಪುರ ತಾನಾಗಿ ಬಿದ್ದದ್ದೇ ನಿರ್ಲಕ್ಷ್ಯದ ಗುರುತು.

ಹಾಗಂತ ಎಲ್ಲಾ ಕೇಸೂ ಹೀಗೇ ಮುಗಿಯಲ್ಲ. 1997ರಲ್ಲಿ ರಾಜಕೋಟ್‌ನ ಕೇಸು ನೋಡಿ. ಆಫೀಸಿಗೆ ನಡೆದು ಹೋಗುತ್ತಿದ್ದವರ ಮೇಲೆ ರಸ್ತೆ ಬದಿಯ ಮರ ಬಿದ್ದು ಸತ್ತರು. ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ಮರ ಬೀಳುತ್ತದೆ ಅಂತ ಪಾಲಿಕೆ ಮೊದಲೇ ಊಹಿಸುವಂತಿತ್ತಾ ಅನ್ನುವ ಪ್ರಶ್ನೆಯಲ್ಲಿ ಕೇಸು ಸೋತಿತು. ಕೆಳಗಿನ ಮೂರನೇ ಹೆಜ್ಜೆಯನ್ನು ನಾನು ಉದ್ದ ಬರೆದಿರುವುದು ಇದೇ ಕಾರಣಕ್ಕೆ.

ಮೊದಲ ಹೆಜ್ಜೆ: ಮೊದಲ ಎರಡು ದಿನ

ಆಸ್ಪತ್ರೆಯಲ್ಲಿ ನೀವು ಬಾಯಿ ಬಿಟ್ಟು ಹೇಳುವ ಮೊದಲ ಮಾತೇ ಸಾಕ್ಷ್ಯ. ಎಷ್ಟೋ ಜನ ಪೊಲೀಸ್ ರಗಳೆ ಯಾಕೆ ಅಂತ "ಮನೇಲಿ ಜಾರಿ ಬಿದ್ದೆ" ಅಂದುಬಿಡುತ್ತಾರೆ. ಅದು ಕೇಸ್ ಶೀಟಿನಲ್ಲಿ ಹಾಗೇ ಇಳಿಯುತ್ತದೆ. ಎರಡು ವರ್ಷ ಆದಮೇಲೆ ಎದುರು ವಕೀಲರು ಆ ಒಂದು ಸಾಲನ್ನು ಓದಿ ಕೂರುತ್ತಾರೆ, ಅಷ್ಟೇ. ಹಾಗಾಗಿ ಸರಿಯಾಗಿ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಏನು ಮುರಿದು ಅಥವಾ ಏನು ತಗುಲಿ. "ಸಂಜೆ ಏಳಕ್ಕೆ ಇಂಥ ರಸ್ತೆಯಲ್ಲಿ ಚರಂಡಿ ಚಪ್ಪಡಿ ಮುರಿದು ಬಿದ್ದೆ" ಅಂದರೆ ಸಾಕು. ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ, ಅಂತ ದಾಖಲು ಮಾಡಿ ಎಂದು ಕೇಳಿ. ಆಮೇಲೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಸಿಗುವುದು ಅದರ ಆಧಾರದ ಮೇಲೆ.

ಪೊಲೀಸ್ ದೂರು ಅದೇ ದಿನ, ಆಗದಿದ್ದರೆ ಮರುದಿನ. ನಿರ್ಲಕ್ಷ್ಯದಿಂದ ಗಾಯವಾದರೆ ಭಾರತೀಯ ನ್ಯಾಯ ಸಂಹಿತೆಯ 125ನೇ ಸೆಕ್ಷನ್, ಸಾವಾದರೆ 106. "ರಸ್ತೆ ಮೇಲೆ ಎಫ್‌ಐಆರ್ ಹಾಕೋಕಾಗುತ್ತಾ?" ಅಂತ ಠಾಣೆಯಲ್ಲಿ ನಗಬಹುದು. ನಗಲಿ. ಆರೋಪಿಯ ಹೆಸರು ಗೊತ್ತಿಲ್ಲದಿದ್ದರೆ "ಸಂಬಂಧಪಟ್ಟ ಅಧಿಕಾರಿಗಳು ಮತ್ತು ಗುತ್ತಿಗೆದಾರರು" ಅಂತ ಬರೆದರೆ ನಡೆಯುತ್ತದೆ. ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಹೋಗಬಹುದು. ನಿಮಗೆ ಮುಖ್ಯವಾಗಿ ಬೇಕಾಗಿರುವುದು ಸ್ಥಳ ಮಹಜರು. ಜಾಗ ಹೇಗಿತ್ತು ಅಂತ ಪೊಲೀಸರೇ ಪಂಚರ ಎದುರು ಬರೆದ ಕಾಗದಕ್ಕೆ ಇರುವ ತೂಕ ನಿಮ್ಮ ಮಾತಿಗೆ ಇರಲ್ಲ.

ಫೋಟೋ, ವಿಡಿಯೋ ತೆಗೆಯುವಾಗ ಅಳತೆಗೆ ಏನಾದರೂ ಇಡಿ. ಟೇಪ್ ಇಲ್ಲದಿದ್ದರೆ ನೀರಿನ ಬಾಟಲಿ ಆದರೂ ಸರಿ. ಹತ್ತಿರದಿಂದೊಂದು, ಅಂಗಡಿ ಬೋರ್ಡು ಕಾಣುವ ಹಾಗೆ ದೂರದಿಂದೊಂದು. ರಾತ್ರಿ ನಡೆದಿದ್ದರೆ ರಾತ್ರಿಯೇ ಹೋಗಿ ಬೀದಿ ದೀಪ ಉರಿಯುತ್ತಿದೆಯೋ ಇಲ್ಲವೋ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿಕೊಂಡ ಪ್ರತಿ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದಕ್ಕೆ ಮೂಲ ಫೈಲು, ಮೂಲ ಫೋನು ಇದ್ದರೆ ಸಲೀಸು. ಆ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ.

ಎದುರಿನ ಅಂಗಡಿಯ ಸಿಸಿಟಿವಿ ಅವತ್ತೇ ಕೇಳಿ. ಹೆಚ್ಚಿನ ಅಂಗಡಿಗಳಲ್ಲಿ ಹಳೆಯದು ಅಳಿಸಿ ಹೊಸದು ರೆಕಾರ್ಡ್ ಆಗುತ್ತಿರುತ್ತದೆ. ಕೊಡದಿದ್ದರೆ ಉಳಿಸಿಡಿ ಅಂತ ಬರವಣಿಗೆಯಲ್ಲಿ ಕೊಟ್ಟು, ಪೊಲೀಸರಿಗೂ ಹೇಳಿ. ನಿಮ್ಮನ್ನು ಎತ್ತಿದವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ನಮ್ಮ ಚಿಕ್ಕಮ್ಮನನ್ನು ಎತ್ತಿ ಆಟೋ ಹತ್ತಿಸಿದ ಎಳನೀರಿನವರು ಆಮೇಲೆ ಜಾಗ ಬದಲಿಸಿಬಿಟ್ಟರು. ಅವರನ್ನು ಹುಡುಕುವುದಕ್ಕೆ ಎರಡು ತಿಂಗಳು ಹಿಡಿಯಿತು.

ಎರಡನೇ ಹೆಜ್ಜೆ: ಆಸ್ತಿ ಯಾರದು?

ಒಂದೇ ರಸ್ತೆಯಲ್ಲಿ ನಾಲ್ಕು ಮಾಲೀಕರು ಇರಬಹುದು. ಡಾಂಬರು ಪಾಲಿಕೆಯದ್ದು ಅಥವಾ ಲೋಕೋಪಯೋಗಿ ಇಲಾಖೆಯದ್ದು. ಮ್ಯಾನ್‌ಹೋಲ್ ಬೆಂಗಳೂರಿನಲ್ಲಾದರೆ ಜಲಮಂಡಳಿಯದ್ದು. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಸ್ಕಾಂನದ್ದು (ವಿದ್ಯುತ್ ಸರಬರಾಜು ಕಂಪನಿ), ಅಂದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಪೈಕಿ ನಿಮ್ಮ ಭಾಗದ್ದು. ಹೆದ್ದಾರಿಯಾದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಇರಬಹುದು, ಅದರ ಕೆಳಗೆ ಟೋಲ್ ಕಂಪನಿ ಇರಬಹುದು. ಹಳ್ಳಿಯಲ್ಲಿ ಪಂಚಾಯಿತಿ ರಸ್ತೆಯೋ ಜಿಲ್ಲಾ ಮುಖ್ಯ ರಸ್ತೆಯೋ ನೋಡಬೇಕು.

ಬೆಂಗಳೂರಿನವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ನಗರ ಪಾಲಿಕೆಗಳು ಬಂದಿವೆ. ಹಳೇ ವಿಳಾಸಕ್ಕೆ ನೋಟಿಸ್ ಕಳಿಸಿ ಸುಮ್ನೆ ಕೂರಬೇಡಿ. ಘಟನೆ ನಡೆದ ಜಾಗ ಈಗ ಯಾವ ಪಾಲಿಕೆಗೆ ಬರುತ್ತದೆ ನೋಡಿ, ಪ್ರಾಧಿಕಾರವನ್ನೂ ಸೇರಿಸಿ.

ಜಾಗದಲ್ಲೇ ಸಿಗುವ ಗುರುತುಗಳನ್ನು ಬಿಡಬೇಡಿ. ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಅಚ್ಚಾದ ಅಕ್ಷರ, ಕಂಬದ ಮೇಲೆ ಬಣ್ಣದಲ್ಲಿ ಬರೆದ ನಂಬರ್, ಟ್ರಾನ್ಸ್‌ಫಾರ್ಮರ್‌ನ ಟಿಸಿ ನಂಬರ್, ಹೆದ್ದಾರಿಯ ಕಿಲೋಮೀಟರ್ ಕಲ್ಲು, ಕಾಮಗಾರಿಯ ಹೆಸರು ಮತ್ತು ಗುತ್ತಿಗೆದಾರರ ಹೆಸರಿರುವ ಫಲಕ. ಎಲ್ಲದರ ಫೋಟೋ ತೆಗೆದುಕೊಳ್ಳಿ. ಅನುಮಾನ ಇದ್ದರೆ ಸಂಬಂಧ ಇರಬಹುದಾದ ಎಲ್ಲರನ್ನೂ, ಗುತ್ತಿಗೆದಾರರನ್ನೂ, ಪ್ರತಿವಾದಿ ಮಾಡುವುದೇ ಕ್ಷೇಮ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರೆ ಇಬ್ಬರೂ ಕಟಕಟೆಯಲ್ಲೇ ಇರುತ್ತಾರೆ.

ಮೂರನೇ ಹೆಜ್ಜೆ: ಅವರಿಗೆ ಮೊದಲೇ ಗೊತ್ತಿತ್ತಾ?

ಗುಂಡಿ ನಿನ್ನೆ ರಾತ್ರಿ ಬಿದ್ದದ್ದೋ, ಆರು ತಿಂಗಳಿಂದ ಇದ್ದದ್ದೋ? ಇಡೀ ಕೇಸು ಇದರ ಮೇಲೆ ನಿಂತಿರುತ್ತದೆ. ಇಲಾಖೆಗೆ ಗೊತ್ತಿತ್ತು, ಅಥವಾ ಸರಿಯಾಗಿ ತಪಾಸಣೆ ಮಾಡಿದ್ದರೆ ಗೊತ್ತಾಗಬೇಕಿತ್ತು ಅಂತ ನೀವು ತೋರಿಸಬೇಕು.

ಮೊದಲು ನೆರೆಹೊರೆಯವರನ್ನು ಕೇಳಿ. ಯಾರೋ ಒಬ್ಬರು ದೂರು ಕೊಟ್ಟಿರುತ್ತಾರೆ. ಅದರ ದೂರು ಸಂಖ್ಯೆ, ಆ್ಯಪ್‌ನ ಸ್ಕ್ರೀನ್‌ಶಾಟ್, ಸ್ಥಳೀಯ ಪತ್ರಿಕೆಯಲ್ಲಿ ಬಂದ ಫೋಟೋ, ಯಾವುದಾದರೂ ಆಗುತ್ತದೆ. ಕರೆಂಟಿನದಾದರೆ 1912ಕ್ಕೆ ಮಾಡಿದ ಕರೆಯ ದಾಖಲೆ ಇರುತ್ತದೆ.

ಆಮೇಲೆ ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕೋಪದಲ್ಲಿ ಎರಡು ಪುಟ ಬರೆದರೆ ಅದನ್ನೇ ನೆಪ ಮಾಡಿ ಹಿಂಬರಹ ಕೊಟ್ಟು ಕಳಿಸುತ್ತಾರೆ. "ಚಪ್ಪಡಿ ಯಾಕೆ ಮುರಿಯಿತು?" ಅಂತಲೂ ಕೇಳಬೇಡಿ. ಯಾಕೆ ಅನ್ನುವುದಕ್ಕೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ, ಇರುವ ದಾಖಲೆ ಕೊಡುವ ಹೊಣೆ ಇದೆ. ನಾನು ಎರಡನೇ ಸಲ ಬರೆದದ್ದು ಸುಮಾರು ಹೀಗಿತ್ತು:

"ಇಂಥ ರಸ್ತೆಯ ಇಂಥ ಮನೆ ಸಂಖ್ಯೆಯಿಂದ ಇಂಥ ಮನೆ ಸಂಖ್ಯೆವರೆಗಿನ ಚರಂಡಿ ಮತ್ತು ಮೇಲ್ಚಪ್ಪಡಿಗೆ ಸಂಬಂಧಿಸಿದಂತೆ ಕಳೆದ ಮೂರು ವರ್ಷದ ಕಾಮಗಾರಿ ಆದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು, ದೋಷ ಹೊಣೆಗಾರಿಕೆ ಅವಧಿಯ ವಿವರ, ತಪಾಸಣೆ ವರದಿ ಮತ್ತು ಬಂದ ಸಾರ್ವಜನಿಕ ದೂರುಗಳ ದೃಢೀಕೃತ ಪ್ರತಿ ಕೊಡಿ."

ಅಂದಾಜು ಪಟ್ಟಿ ಬಂತು. ಅದರಲ್ಲಿ ಚಪ್ಪಡಿಯ ದಪ್ಪ ನಾಲ್ಕು ಇಂಚು ಅಂತ ಇತ್ತು. ನಮ್ಮ ಫೋಟೋದಲ್ಲಿ ಟೇಪ್ ಎರಡು ಇಂಚಿಗಿಂತ ಕಡಿಮೆ ತೋರಿಸುತ್ತಿತ್ತು. ವಕೀಲರ ಮುಖದಲ್ಲಿ ನಗು ಕಂಡದ್ದು ಅವತ್ತೇ ಮೊದಲು.

ಆ 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. "ಮಾಹಿತಿ ಲಭ್ಯವಿಲ್ಲ" ಅಂತ ಬಂದರೂ ಎಸೆಯಬೇಡಿ. ತಪಾಸಣೆ ವರದಿಯೇ ಇಲ್ಲ ಅಂದರೆ ತಪಾಸಣೆ ಮಾಡಿಲ್ಲ ಅಂತ ವಾದಿಸಬಹುದಲ್ವಾ?

ಕರೆಂಟ್ ಅವಘಡಕ್ಕೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಇಲಾಖೆಗೆ ಗೊತ್ತಿತ್ತಾ ಅನ್ನುವ ಪ್ರಶ್ನೆಯೇ ಅಷ್ಟಾಗಿ ಏಳುವುದಿಲ್ಲ. 2002ರ ಶೈಲ ಕುಮಾರಿ ಕೇಸಿನಲ್ಲಿ, ಕತ್ತಲಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದವರು ಮಳೆನೀರಿನಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತಿದ್ದರು. ಯಾರೋ ಕರೆಂಟ್ ಕದಿಯಲು ಎಳೆದ ತಂತಿ ಅದು ಅಂದಿತು ಮಧ್ಯಪ್ರದೇಶ ವಿದ್ಯುತ್ ಮಂಡಳಿ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅಪಾಯಕಾರಿ ವಸ್ತುವನ್ನು ಹರಿಸುವವರು ನಿರ್ಲಕ್ಷ್ಯ ಇರಲಿ ಬಿಡಲಿ ಹೊಣೆ ಹೊರಬೇಕು ಅಂದಿತು. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಮಗು ಸತ್ತ ಸುದ್ದಿ ಯಾರೂ ಮರೆತಿಲ್ಲ. ಇಂಥ ಘಟನೆಗಳಲ್ಲಿ ವಿದ್ಯುತ್ ಪರಿವೀಕ್ಷಕರ ವರದಿ ಮುಖ್ಯ ದಾಖಲೆ. ವಿದ್ಯುತ್ ಕಾಯ್ದೆ 2003ರ 161ನೇ ಸೆಕ್ಷನ್‌ನಲ್ಲಿ ಅವಘಡದ ಮಾಹಿತಿ ಕೊಡುವುದು, ಪರಿವೀಕ್ಷಕರು ವಿಚಾರಣೆ ಮಾಡುವುದು ಇದೆ. ವಿದ್ಯುತ್ ಪರಿವೀಕ್ಷಣಾಲಯಕ್ಕೆ ನೀವೇ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ವರದಿಯ ಪ್ರತಿಯನ್ನೂ ಕೇಳಿ.

ನಾಲ್ಕನೇ ಹೆಜ್ಜೆ: ಗಡುವು

ಇಲ್ಲಿ ಎಡವಿದರೆ ಉಳಿದದ್ದೆಲ್ಲ ವ್ಯರ್ಥ. ದಾವೆ ಹಾಕಲು ಮೂರು ವರ್ಷ ಇದೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಕಾಲಮಿತಿ ಕಾಯ್ದೆ 1963ರ 113ನೇ ಕಲಂ ನೋಡಿದರೆ ಹೌದು ಅನ್ನಿಸುತ್ತದೆ. ಆದರೆ ಅದೇ ಕಾಯ್ದೆಯ 72ನೇ ಕಲಂ ಇದೆ. ಯಾವುದಾದರೂ ಕಾನೂನಿನ ಪ್ರಕಾರ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸಕ್ಕೆ ಪರಿಹಾರ ಕೇಳಲು ಅದು ಕೊಡುವುದು ಒಂದೇ ವರ್ಷ. ಸರ್ಕಾರಿ ವಕೀಲರು ಮೊದಲು ತೆಗೆಯುವುದು ಇದನ್ನೇ. ಸಾವಿನ ಪ್ರಕರಣದಲ್ಲಿ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಡಿ ಗಂಡ, ಹೆಂಡತಿ, ತಂದೆತಾಯಿ, ಮಕ್ಕಳು ಸಾವಿನ ದಿನದಿಂದ ಎರಡು ವರ್ಷದೊಳಗೆ ದಾವೆ ಹಾಕಬೇಕು. ಅಣ್ಣ ತಮ್ಮ ಅಕ್ಕ ತಂಗಿ ಆ ಪಟ್ಟಿಯಲ್ಲಿಲ್ಲ.

ಇದರ ಮೇಲೆ ಸ್ಥಳೀಯ ಸಂಸ್ಥೆಗಳ ಕಾಯ್ದೆಗಳಲ್ಲಿ ಬೇರೆ ನೋಟಿಸ್ ನಿಯಮ, ಬೇರೆ ಚಿಕ್ಕ ಗಡುವು ಇರುತ್ತವೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳ ವಿಷಯದಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 482ನೇ ಸೆಕ್ಷನ್ ಅನ್ನು ವಕೀಲರ ಜೊತೆ ಮೊದಲ ದಿನವೇ ಓದಿ. ಪಾಲಿಕೆ, ಪುರಸಭೆ, ಪಂಚಾಯಿತಿ ಯಾವುದೇ ಇರಲಿ, ಘಟನೆಯಾದ ದಿನದಿಂದ ಆರು ತಿಂಗಳೇ ನಿಮ್ಮ ಗಡುವು ಅಂದುಕೊಂಡು ಓಡಾಡಿ. ಬೇಗ ಹಾಕಿದ್ದಕ್ಕೆ ಯಾವ ಕೋರ್ಟೂ ಬೈಯಲ್ಲ.

ರಾಜ್ಯ ಅಥವಾ ಕೇಂದ್ರ ಸರ್ಕಾರವೇ ಪ್ರತಿವಾದಿಯಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಆ ಎರಡು ತಿಂಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡುತ್ತಾರೆ. ತೀರಾ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ಹೋಗಬಹುದು. ಬೆಸ್ಕಾಂನಂಥ ಕಂಪನಿಗಳು ಈ ಸೆಕ್ಷನ್‌ನ "ಸರ್ಕಾರ" ಅಲ್ಲ. ಆದರೂ ನೋಟಿಸ್ ಕೊಡುವುದರಿಂದ ನಷ್ಟ ಇಲ್ಲ.

ಐದನೇ ಹೆಜ್ಜೆ: ಯಾವ ಬಾಗಿಲು ತಟ್ಟಬೇಕು?

ವಾಹನದಿಂದ ಆದ ಗಾಯ, ಅಂದರೆ ಕೆಎಸ್‌ಆರ್‌ಟಿಸಿ ಬಸ್ಸೋ ಇಲಾಖೆ ಜೀಪೋ ಗುದ್ದಿದರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಿ. ಕಾಯ್ದೆಯಲ್ಲಿ ಆರು ತಿಂಗಳ ಮಿತಿ ಇದೆ. ಗುಂಡಿಗೆ ಬಿದ್ದು ಸ್ವಂತ ಬೈಕ್‌ನಿಂದ ಉರುಳಿದವರಿಗೆ ಒಂದು ಮಾತು. ನಿಮ್ಮ ಇನ್ಶೂರೆನ್ಸ್ ಕಾಗದ ತೆಗೆದು ನೋಡಿ. ಮಾಲೀಕ-ಚಾಲಕರ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದರೆ, ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಅದೂ ಸಿಗುತ್ತದೆ. ಎಷ್ಟೋ ಮನೆಯವರು ಅದನ್ನು ಕೇಳುವುದೇ ಇಲ್ಲ.

ರೈಲಿನಿಂದ ಬಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್, ಬೆಂಗಳೂರಿನಲ್ಲೂ ಪೀಠ ಇದೆ. ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸಾವಿಗೆ 2017ರಿಂದ 8 ಲಕ್ಷ ರೂಪಾಯಿ. ಟಿಕೆಟ್ ಇದ್ದ ಪ್ರಯಾಣಿಕರಾಗಿದ್ದರೆ ರೈಲ್ವೆಯ ತಪ್ಪು ತೋರಿಸುವ ಅಗತ್ಯವಿಲ್ಲ. ಆದರೆ ಪ್ಲಾಟ್‌ಫಾರ್ಮ್‌ನ ಒಡೆದ ಟೈಲ್ಸ್ ಎಡವಿ ಬಿದ್ದರೆ ಅದು ಈ ಟ್ರಿಬ್ಯುನಲ್‌ಗೆ ಬರುವುದಿಲ್ಲ. ಅದಕ್ಕೆ ಸಿವಿಲ್ ಕೋರ್ಟೇ.

ಕಾಯಂ ಜನತಾ ನ್ಯಾಯಾಲಯದ ಬಗ್ಗೆ ಜನರಿಗೆ ಗೊತ್ತಿರುವುದು ತುಂಬಾ ಕಡಿಮೆ. ವಿದ್ಯುತ್, ನೀರು, ಸಾರಿಗೆ, ನೈರ್ಮಲ್ಯ, ಆಸ್ಪತ್ರೆಯಂಥ ಸಾರ್ವಜನಿಕ ಉಪಯುಕ್ತ ಸೇವೆಗಳ ವ್ಯಾಜ್ಯವನ್ನು ಒಂದು ಕೋಟಿ ರೂಪಾಯಿವರೆಗೆ ಇದು ನೋಡುತ್ತದೆ. ಕೋರ್ಟ್ ಶುಲ್ಕ ಇಲ್ಲ. ರಾಜಿ ಆಗದಿದ್ದರೆ ತಾನೇ ತೀರ್ಪು ಕೊಡುವ ಅಧಿಕಾರವೂ ಇದೆ. ಷರತ್ತು ಏನೆಂದರೆ ಬೇರೆ ಕೋರ್ಟಿಗೆ ಹೋಗುವ ಮೊದಲೇ ಇಲ್ಲಿಗೆ ಬರಬೇಕು. ಕರೆಂಟ್ ಕೇಸಿನವರು ಇದನ್ನು ಮೊದಲು ಯೋಚಿಸಬಹುದು. ಆದರೆ ಇದು ಕಾನೂನು ರಾಜಿಗೆ ಬಿಡದ ಅಪರಾಧದ ವಿಷಯ, ಇಲ್ಲಿಗೆ ಬರುವುದಿಲ್ಲ ಅಂತ ಎದುರಾಳಿ ತಕರಾರು ತೆಗೆಯುವ ಸಾಧ್ಯತೆ ಇರುತ್ತದೆ.

ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದು ಅರ್ಧ ಸತ್ಯ. ಘಟನೆಯ ಬಗ್ಗೆ ತಕರಾರೇ ಇಲ್ಲದಿದ್ದರೆ ಸರಿ. ಹಾಳಾದ ರಸ್ತೆಯಿಂದ ಗಾಯವಾದವರಿಗೆ ಪಾಲಿಕೆಯಿಂದ ಪರಿಹಾರ ಕೇಳುವ ಹಕ್ಕಿದೆ ಅಂತ ಕರ್ನಾಟಕ ಹೈಕೋರ್ಟ್ 2019ರಲ್ಲೇ ಹೇಳಿದೆ. ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಇನ್ನೂ ಮುಂದೆ ಹೋಗಿ, ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸಾವಾದರೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ ಕೊಡಬೇಕು ಅಂದಿತು. ಮುಂಬೈನಲ್ಲಿ, ಸೊಲ್ಲಾಪುರದಲ್ಲಿ ಇರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ "ಅಲ್ಲಿ ಗುಂಡಿಯೇ ಇರಲಿಲ್ಲ, ಇವರು ಕುಡಿದಿದ್ದರು" ಅಂತ ಇಲಾಖೆ ಅಫಿಡವಿಟ್ ಹಾಕಿದರೆ ರಿಟ್ ಕಷ್ಟ. ಸಾಕ್ಷಿ ವಿಚಾರಣೆ ಬೇಕಾದ ಕೇಸಿಗೆ ಸಿವಿಲ್ ಕೋರ್ಟಿಗೆ ಹೋಗಿ ಅಂತ 1999ರ ಸುಕಮಣಿ ದಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಕರೆಂಟ್ ತಗುಲಿ ಸತ್ತವರ ಕೇಸೇ.

ಉಳಿದದ್ದಕ್ಕೆಲ್ಲ ಸಿವಿಲ್ ಕೋರ್ಟ್. ಕೇಳುವ ಮೊತ್ತದ ಮೇಲೆ ಶುಲ್ಕ ಕಟ್ಟಬೇಕು. ಅದಕ್ಕೇ ಹೆದರಿ ಹಿಂದೆ ಸರಿಯುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಚಿಕ್ಕಮ್ಮನ ಕೇಸನ್ನು ನಡೆಸುತ್ತಿರುವುದು ಅಲ್ಲಿಂದ ಬಂದ ವಕೀಲರೇ.

ಆರನೇ ಹೆಜ್ಜೆ: ಎಷ್ಟು ಕೇಳಬೇಕು?

ಬಾಯಿಗೆ ಬಂದ ಹಾಗೆ "50 ಲಕ್ಷ" ಅಂದರೆ ಶುಲ್ಕವೂ ಜಾಸ್ತಿ, ನಂಬಿಕೆಯೂ ಹೋಗುತ್ತದೆ. 2011ರ ರಾಜ್‌ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಗಾಯದ ಪರಿಹಾರವನ್ನು ಹೇಗೆ ಲೆಕ್ಕ ಹಾಕಬೇಕು ಅಂತ ಬಿಡಿಸಿ ಹೇಳಿದೆ. ಅದು ವಾಹನ ಅಪಘಾತದ ಕೇಸು, ಆದರೆ ಇಲ್ಲೂ ಆ ಲೆಕ್ಕ ಮುಂದಿಡಬಹುದು. ಚಿಕಿತ್ಸೆಯ ಖರ್ಚು, ಕೆಲಸ ಬಿಟ್ಟ ದಿನಗಳ ಆದಾಯ, ಮುಂದಿನ ಗಳಿಕೆಯಲ್ಲಿ ಆಗುವ ನಷ್ಟ, ಮುಂದಿನ ಚಿಕಿತ್ಸೆ, ನೋವು ಮತ್ತು ಸಂಕಟ, ಹೀಗೆ ಒಂದೊಂದೂ ಬೇರೆ ಬೇರೆ.

ಮುಖ್ಯವಾದದ್ದು ಗಳಿಕೆಯ ನಷ್ಟ. ಡಾಕ್ಟರ್ ಚಿಕ್ಕಮ್ಮನ ಬಲಗೈಗೆ ಶೇ 24 ನ್ಯೂನತೆ ಅಂತ ಕೊಟ್ಟರು. ಇಡೀ ದೇಹಕ್ಕೆ ಹೋಲಿಸಿದರೆ ಶೇ 8. ಆದರೆ ಕೋರ್ಟ್ ಕೇಳಬೇಕಾದದ್ದು ಈ ನ್ಯೂನತೆಯಿಂದ ಈ ಮನುಷ್ಯರ ಸಂಪಾದನೆ ಎಷ್ಟು ಕುಗ್ಗಿತು ಅಂತ. ಎಡಗೈ ಕಳೆದುಕೊಂಡ ಬಡಗಿಯ ದುಡಿಮೆ ಪೂರ್ತಿ ನಿಂತೇ ಹೋಗಬಹುದು, ಸರ್ಕಾರಿ ಗುಮಾಸ್ತರಿಗೆ ಕೆಲಸ ಉಳಿಯಬಹುದು ಅಂತ ಅದೇ ತೀರ್ಪಿನಲ್ಲಿ ಉದಾಹರಣೆ ಇದೆ. ಕತ್ತರಿ ಹಿಡಿಯುವ ಕೈಗೆ ಶೇ 8 ಯಾವ ಲೆಕ್ಕ? ನಾವು ಶೇ 20 ಕೇಳಿದ್ದೇವೆ.

ಲೆಕ್ಕ ಹೀಗೆ. ತಿಂಗಳಿಗೆ 15,000 ಅಂದರೆ ವರ್ಷಕ್ಕೆ 1,80,000. ವಯಸ್ಸು 43. 2009ರ ಸರಳಾ ವರ್ಮ ತೀರ್ಪಿನ ಪಟ್ಟಿಯಲ್ಲಿ 41ರಿಂದ 45ರವರೆಗೆ ಗುಣಕ, ಅಂದರೆ ವರ್ಷದ ಆದಾಯವನ್ನು ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆ, 14. ಗುಣಿಸಿದರೆ 25,20,000. ಅದರ ಶೇ 20 ಅಂದರೆ 5,04,000 ರೂಪಾಯಿ. ಇದರ ಮೇಲೆ ಆಸ್ಪತ್ರೆ ಬಿಲ್ಲು ಮತ್ತು ಉಳಿದವು.

ಟೈಲರ್‌ಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಅಳತೆ ಬರೆದಿಟ್ಟ ಪುಸ್ತಕ, ಫೋನ್‌ಪೇ ವಹಿವಾಟಿನ ಪಟ್ಟಿ, ಲೈನಿಂಗ್ ಬಟ್ಟೆ ಮತ್ತು ದಾರ ತಂದ ಬಿಲ್ಲು, ಖಾಯಂ ಗಿರಾಕಿಗಳಿಬ್ಬರ ಸಾಕ್ಷಿ. ಮದುವೆ ಸೀಸನ್ನಿನಲ್ಲಿ ವಾಪಸ್ ಕೊಟ್ಟ ಬ್ಲೌಸ್ ಪೀಸುಗಳ ಪಟ್ಟಿಯನ್ನೂ ಚಿಕ್ಕಮ್ಮ ಎಡಗೈಯಲ್ಲೇ ಸೊಟ್ಟಗೆ ಬರೆದಿಟ್ಟಿದ್ದರು. ಅದನ್ನೂ ಹಾಜರುಪಡಿಸಿದ್ದೇವೆ.

ಏಳನೇ ಹೆಜ್ಜೆ: ನೋಟಿಸ್ ಮತ್ತು ದಾವೆ

ನೋಟಿಸಿನಲ್ಲಿ ನಿಮ್ಮ ಹೆಸರು, ವಿಳಾಸ, ಏನು ನಡೆಯಿತು, ಯಾಕೆ ಅವರು ಹೊಣೆ, ಎಷ್ಟು ಕೇಳುತ್ತೀರಿ ಇವು ಇರಲೇಬೇಕು. ರಾಜ್ಯ ಸರ್ಕಾರಕ್ಕಾದರೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ, ರೈಲ್ವೆಗಾದರೆ ಆ ವಲಯದ ಜನರಲ್ ಮ್ಯಾನೇಜರ್‌ಗೆ. ಪಾಲಿಕೆಗಾದರೆ ಆಯುಕ್ತರಿಗೆ. ಅಂಚೆಯಲ್ಲಿ ಕಳಿಸಿ ತಲುಪಿದ ಪುರಾವೆ ತೆಗೆದಿಡಿ. ಜೊತೆಗೆ ಇನ್ನೊಂದು ಪ್ರತಿಯನ್ನು ಕಚೇರಿಯ ಟಪಾಲು ವಿಭಾಗದಲ್ಲೇ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದರೆ ಟಪಾಲಿಗೆ ಸಾಹೇಬರು ಬೇಕಾಗಿಲ್ಲ ಅಂತ ನಗುತ್ತಲೇ ಹೇಳಿ.

ದಾವೆಯಲ್ಲಿ ರಾಜ್ಯದ ವಿರುದ್ಧ ಹಾಕುವಾಗ ಪ್ರತಿವಾದಿ "ಕರ್ನಾಟಕ ರಾಜ್ಯ". ಬರೀ ಎಂಜಿನಿಯರ್ ಹೆಸರು ಬರೆದು ಸರ್ಕಾರವನ್ನೇ ಬಿಟ್ಟ ದಾವೆಗಳೂ ಇರುತ್ತವೆ. ಮೊದಲ ಪುಟವನ್ನು ನೀವೇ ಒಂದು ಸಲ ಓದಿ.

ಆ ನಡುವೆ ಯಾರಾದರೂ ಚೆಕ್ ಹಿಡಿದು ಮನೆಗೆ ಬರಬಹುದು. ಅನುಗ್ರಹಪೂರ್ವಕ ಪರಿಹಾರ ಅಂತ ಕೊಟ್ಟರೆ ತೆಗೆದುಕೊಳ್ಳಿ. ಜೊತೆಗಿರುವ ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ, ಮುಂದೆ ಯಾವ ಹಕ್ಕೂ ಇಲ್ಲ" ಅಂತ ಇದ್ದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಅವರು ಏನೇನು ಹೇಳುತ್ತಾರೆ?

"ಗುತ್ತಿಗೆದಾರರ ತಪ್ಪು." ಸಾರ್ವಜನಿಕ ರಸ್ತೆಯನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನು ಗುತ್ತಿಗೆ ಕೊಟ್ಟು ಕಳಚಿಕೊಳ್ಳಲಾಗುವುದಿಲ್ಲ ಅನ್ನುವುದು ನಿಮ್ಮ ಉತ್ತರ. ಇಬ್ಬರನ್ನೂ ಪ್ರತಿವಾದಿ ಮಾಡಿದ್ದರೆ ಇಲ್ಲಿ ಸಮಾಧಾನ.

"ಅನುದಾನ ಇರಲಿಲ್ಲ." 1980ರ ರತ್ಲಾಂ ಪುರಸಭೆ ಕೇಸಿನಲ್ಲಿ ಇದೇ ಮಾತು ಬಂದಿತ್ತು. ಚರಂಡಿ, ನೈರ್ಮಲ್ಯದಂಥ ಮೂಲ ಕರ್ತವ್ಯಕ್ಕೆ ದುಡ್ಡಿಲ್ಲ ಅನ್ನುವ ನೆಪವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

"ಅವರೇ ನೋಡಿಕೊಂಡು ನಡೆಯಬೇಕಿತ್ತು." ಇದು ನಿಜಕ್ಕೂ ಕಾಡುವ ವಾದ. ಹೆಲ್ಮೆಟ್ ಇರಲಿಲ್ಲ, ಫೋನ್ ನೋಡುತ್ತಿದ್ದರು, ಅಡ್ಡಗಟ್ಟಿದ ಪಟ್ಟಿ ದಾಟಿ ಬಂದರು ಅಂತ ರುಜುವಾದರೆ ಪರಿಹಾರದಲ್ಲಿ ನಿಮ್ಮ ಪಾಲಿನ ತಪ್ಪಿನಷ್ಟು ಕಡಿತ ಆಗುತ್ತದೆ. ಪಾಟೀಸವಾಲಿನಲ್ಲಿ ಚಿಕ್ಕಮ್ಮನನ್ನು "ಕತ್ತಲಲ್ಲಿ ಚಪ್ಪಡಿ ಮೇಲೆ ಯಾಕೆ ನಡೆದಿರಿ, ರಸ್ತೆ ಇರಲಿಲ್ವಾ?" ಅಂತ ಕೇಳಿದರು. "ರಸ್ತೇಲಿ ನಡೆದು ಲಾರಿ ಗುದ್ದಿದ್ರೆ, ಫುಟ್‌ಪಾತ್ ಇರಲಿಲ್ವಾ ಅಂತ ಕೇಳ್ತಿದ್ರಿ" ಅಂದರು ಅವರು. ಸುಳ್ಳು ಮಾತ್ರ ಹೇಳಬೇಡಿ. ಸಣ್ಣ ಸುಳ್ಳೊಂದು ಸಿಕ್ಕಿದರೆ ದೊಡ್ಡ ನಿಜವನ್ನೂ ಅನುಮಾನಿಸುತ್ತಾರೆ.

ಹೆದ್ದಾರಿ ಕೇಸಿನವರಿಗೆ ಇನ್ನೊಂದು ಅಸ್ತ್ರ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 198ಎ ಸೆಕ್ಷನ್. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷದವರೆಗೆ ದಂಡ. ದಂಡದ ಹಣ ನಿಮಗೆ ಬರುವುದಿಲ್ಲ, ಅಪಘಾತ ನಿಧಿಗೆ ಹೋಗುತ್ತದೆ. ಆದರೆ ಆ ಸೆಕ್ಷನ್ ಎಫ್‌ಐಆರ್‌ನಲ್ಲಿ ಇದ್ದರೆ ಮಾತುಕತೆಯ ಧಾಟಿ ಬದಲಾಗುತ್ತದೆ.

ಡಿಕ್ರಿ ಆದ ಮೇಲೆ

ತೀರ್ಪು ಬಂದ ಕೂಡಲೇ ಹಣ ಬರುವುದಿಲ್ಲ. ಮೇಲ್ಮನವಿ ಬರಬಹುದು. ಸರ್ಕಾರದ ವಿರುದ್ಧದ ಡಿಕ್ರಿಯನ್ನು ಮೂರು ತಿಂಗಳವರೆಗೆ ಜಾರಿ ಮಾಡಿಸುವ ಹಾಗಿಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆ ಮೇಲೂ ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ಅಂತ ಕೋರ್ಟಿಗೆ ಹಾಕುವ ಅರ್ಜಿ. ಉಪವಿಭಾಗಾಧಿಕಾರಿ (ಎಸಿ) ಕಚೇರಿಯ ಕುರ್ಚಿ, ಕಂಪ್ಯೂಟರ್, ಜೀಪು ಜಪ್ತಿ ಮಾಡಲು ಕೋರ್ಟ್ ಅಮೀನರು ಬಂದ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಹೆಚ್ಚಾಗಿ ಭೂಸ್ವಾಧೀನದ ಪರಿಹಾರಕ್ಕೆ ಹಾಗಾಗುತ್ತದೆ, ಆದರೆ ದಾರಿ ಇದೇ. ಜಪ್ತಿ ವಾರಂಟ್ ಬಂದ ದಿನ ಅನುದಾನ ಹೇಗೋ ಹುಟ್ಟಿಕೊಳ್ಳುತ್ತದೆ.

ತಡವಾದ ದಿನಗಳಿಗೆ ಬಡ್ಡಿ ಬೇಕು ಅಂತ ದಾವೆಯಲ್ಲೇ ಕೇಳಿರಬೇಕು. ಕೇಳದೆ ಬಿಟ್ಟು ಆಮೇಲೆ ಪರದಾಡಬೇಡಿ. ಮೂಲ ಎಕ್ಸ್-ರೇ, ಬಿಲ್ಲು, ಸ್ವೀಕೃತಿಗಳನ್ನು ಕೋರ್ಟಿಗೆ ಕೊಡುವ ಮೊದಲು ಎರಡು ಸೆಟ್ ಜೆರಾಕ್ಸ್ ಮಾಡಿಸಿ. ಫಾರ್ಮಸಿ ಬಿಲ್ಲುಗಳ ಶಾಯಿ ಒಂದೇ ವರ್ಷದಲ್ಲಿ ಮಾಸಿ ಬರೀ ಬಿಳಿ ಕಾಗದ ಉಳಿಯುತ್ತದೆ. ನಮ್ಮ ಫೈಲಿನಲ್ಲಿ ಹಾಗೆ ಮಾಸಿದ 11 ಬಿಲ್ಲುಗಳಿವೆ. ಅದರಲ್ಲಿ ಯಾವ ಮಾತ್ರೆ, ಎಷ್ಟು ದುಡ್ಡು ಅಂತ ಈಗ ಯಾರಿಗೂ ಹೇಳಲಾಗುತ್ತಿಲ್ಲ.